ಗುರುಗಳು ಕಲಿತ ಬಗೆ

ಬೆಳಗ್ಗೆ ಕಚೇರಿಗೆ ಕಾಲಿಡುತ್ತಲೇ ಗುರುಗಳಿಗೆ ಗ್ರಹಚಾರ ಕಾದಿತ್ತು. ಎದುರಾದ ಸಾಹೇಬರು, ಹೊಸದಾಗಿ ಸೇರಿದವರ ಮುಂದೆ ಮಧ್ಯಾಹ್ನ 'ನಾನು ಪ್ರೋಗ್ರಾಮ್ ಬರೆಯಲು ಕಲಿತ ಬಗೆ' ಎಂದು ನಾಲ್ಕು ಮಾತಾಡಿ ಎಂದು ಬೆನ್ನು ತಟ್ಟಿ ಹೋದರು. ತಟ್ಟಿದ್ದು ಬೆನ್ನಿಗೆ, ಕುಸಿದದ್ದು ಎದೆ.

ಗುರುಗಳು ಎನ್ನುವುದು ಅಲ್ಲಿಯವರು ಪ್ರೀತಿಯಿಂದ ಇಟ್ಟ ಹೆಸರು. ಬಸ್ಸಿನ ಸೀಟು ಕಾಯ್ದಿರಿಸುವ ತಂತ್ರಾಂಶ ಮಾಡುವ ಕಂಪನಿ ಅದು. ಯಾರ ಪ್ರೋಗ್ರಾಮ್ ಕೈಕೊಟ್ಟರೂ ಇವರ ಮೇಜಿಗೆ ಓಡಿಬರುತ್ತಿದ್ದರು. ಇವರು ಗಡ್ಡ ನೀವಿಕೊಂಡು 'ಹೂಂ' ಎಂದರೆ ಬಂದವರಿಗೆ ಅರ್ಧ ಸಮಾಧಾನ.

ಇಂಥ ಗುರುಗಳು ಕಲಿತದ್ದು ಹೇಗೆ? ಪಕ್ಕದವರದ್ದು ಕದ್ದು ನೋಡಿ! ಕೆಲಸಕ್ಕೆ ಸೇರಿದ ಹೊಸತರಲ್ಲಿ ತರಬೇತಿ ಮುಗಿಸಿ ಒಂದು ಪರೀಕ್ಷೆ ಇಟ್ಟಿದ್ದರು. ಒಂದು ಬಸ್ಸಿಗೆ ಸೀಟು ಹಂಚುವ ಪ್ರೋಗ್ರಾಮ್ ಬರೆದರೆ ಕೆಲಸ, ಇಲ್ಲದಿದ್ದರೆ ಮನೆ. ಗುರುಗಳಿಗೆ ತಲೆಬುಡ ಗೊತ್ತಿರಲಿಲ್ಲ. ಕತ್ತು ಒಂದಿಷ್ಟು ವಾಲಿಸಿ, ಪಕ್ಕದ ಕುರ್ಚಿಯ ಹುಡುಗಿ ಹೊಡೆದ ಸಾಲನ್ನೆಲ್ಲ ತಾವೂ ಹೊಡೆದು ಪಾಸಾಗಿದ್ದರು. ನಡುವೆ ಒಮ್ಮೆ ಇಬ್ಬರ ಕಣ್ಣೂ ಕಲೆತುಬಿಟ್ಟಿದ್ದವು. ಆ ಹುಡುಗಿಯೇ ಈಗ ಪರೀಕ್ಷಾ ವಿಭಾಗದ ಮೇಡಂ. ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹೆಕ್ಕುವುದೇ ಅವರ ಕೆಲಸವಾದ್ದರಿಂದ ಕಚೇರಿಯೆಲ್ಲ ಬೆನ್ನ ಹಿಂದೆ ಅವರನ್ನು 'ಭೂತಗನ್ನಡಿ' ಎನ್ನುತ್ತಿತ್ತು. ಅವರು ಬಾಯಿ ಬಿಟ್ಟರೆ ತಮ್ಮ ಮಾನವೂ ಕೆಲಸವೂ ಒಟ್ಟಿಗೆ ಹೋದಂತೆ ಎಂಬ ಹೆದರಿಕೆಯಲ್ಲೇ ಗುರುಗಳ ಕೂದಲು ಬೆಳ್ಳಗಾಗಿತ್ತು.

ಪಕ್ಕದ ಮೇಜಿನವನಿಗೆ ಮಧ್ಯಾಹ್ನದ ಭಾಷಣದ ಸುದ್ದಿ ಸಿಕ್ಕಿತು. ಚಿಕ್ಕಂದಿನಲ್ಲೇ ರೇಡಿಯೋ ಬಿಚ್ಚಿ ಜೋಡಿಸಿದೆ ಎಂದು ಶುರುಮಾಡಿ ಎಂದು ಸಲಹೆ ಕೊಟ್ಟ. ಸ್ವಾಗತದ ಮೇಜಿನಾಕೆ, ಕಂಪ್ಯೂಟರಿಲ್ಲದೆ ರಟ್ಟಿನ ಮೇಲೆ ಕೀಲಿಮಣೆ ಬರೆದುಕೊಂಡು ಕಲಿತೆ ಎಂದರೆ ಎಲ್ಲರೂ ಅಳುತ್ತಾರೆ ಎಂದಳು. ಸಲಹೆ ಕೊಟ್ಟವರು ಸುಮ್ಮನಿರಬೇಕಲ್ಲ? ಊಟದ ಹೊತ್ತಿಗೆ ಗುರುಗಳು ಎಳೆ ವಯಸ್ಸಿನಲ್ಲೇ ರೇಡಿಯೋದಿಂದ ಕಂಪ್ಯೂಟರ್ ಮಾಡಿದ್ದರು ಎಂಬ ಮಾತು ಮೇಲಿನ ಮಹಡಿ ತಲುಪಿತ್ತು. ಹೊಸಬರಿಬ್ಬರು ಬಂದು ಕೈಮುಗಿದೇ ಹೋದರು.

ಅವರ ಹಿಂದೆಯೇ ಮೇಡಂ ಬಂದರು. ಮುಖ ಗಂಟಿಕ್ಕಿತ್ತು.

"ಇವತ್ತು ಏನ್ ಹೇಳ್ತೀರಾ?"

"ಇನ್ನೂ ಯೋಚ್ನೆ ಮಾಡಿಲ್ಲ ಮೇಡಂ."

"ಯೋಚ್ನೆ ಮಾಡಿ ಹೇಳಿ. ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ."

ಗುರುಗಳು ಊಟದ ಡಬ್ಬಿ ಮುಚ್ಚಿಟ್ಟರು. ಹೆಂಡತಿಗೆ ಫೋನು ಮಾಡಿದರು. ಸುಳ್ಳು ಹೇಳಿ ಸಿಕ್ಕಿಬೀಳುವುದಕ್ಕಿಂತ ನಿಜ ಹೇಳಿ ಹಗುರಾಗಿ ಎಂದು ಆಕೆ ಫೋನಿಟ್ಟಳು. ಹೇಳುವುದೇನು ಸುಲಭ, ಎಲ್ಲರೆದುರು ನಿಲ್ಲಬೇಕಾದವರು ಇವರು ತಾನೇ.

ಸಭಾಂಗಣ ತುಂಬಿತ್ತು. ಗುರುಗಳು ಮೈಕು ಹಿಡಿದು ನಿಂತರು. ಮುಂದಿನ ಸಾಲಿನಲ್ಲಿ ಮೇಡಂ ಕರವಸ್ತ್ರವನ್ನು ಒಗೆದ ಬಟ್ಟೆಯಂತೆ ಹಿಂಡುತ್ತಾ ಕುರ್ಚಿಯ ತುದಿಗೆ ಬಂದಿದ್ದರು. ಇನ್ನೇನು ಎದ್ದು ಹೇಳಿಯೇ ಬಿಡುತ್ತಾರೆ ಎನ್ನಿಸಿದ್ದೇ ತಡ, ಗುರುಗಳ ಜೀವ ಬಾಯಿಗೆ ಬಂತು. ಜೀವದ ಜೊತೆ ನಿಜವೂ ಬಂತು.

"ರೇಡಿಯೋ ಇಲ್ಲ, ಏನೂ ಇಲ್ಲ. ನಾನು ಪಾಸಾಗಿದ್ದು ಈ ಮೇಡಂದು ಕಾಪಿ ಹೊಡೆದು."

ಸಾಹೇಬರ ಹುಬ್ಬು ಮೇಲೇರಿತು. ಮೇಡಂ ಬಿಳಿಚಿಕೊಂಡು ಎದ್ದು ನಿಂತರು.

"ನಂದಾ? ನಂಗೇನ್ ಬರ್ತಿತ್ತು? ಏನೋ ಒಂದು ಸಾಲು ಹೊಡೆದು ನಿಮ್ ಸ್ಕ್ರೀನ್ ನೋಡ್ತಿದ್ದೆ. ನೀವೂ ಅದನ್ನೇ ಹೊಡೆದಿದ್ರೆ ಸರಿ ಇದೆ ಅಂತ ಮುಂದಕ್ಕೆ ಹೋಗ್ತಿದ್ದೆ. ಇವತ್ತು ನನ್ನ ಹೆಸರು ಹೇಳಿಬಿಡ್ತೀರೇನೋ ಅಂತ ಬೆಳಗ್ಗಿಂದ ಊಟ ಕೂಡ ಮಾಡಿಲ್ಲ."

ಹಾಗಾದರೆ ಅದನ್ನು ಬರೆದದ್ದು ಯಾರು ಎಂದು ಹಿಂದಿನಿಂದ ಹೊಸಬನೊಬ್ಬ ಕೇಳಿದ. ಗುರುಗಳು ಮೇಡಂ ಕಡೆ, ಮೇಡಂ ಗುರುಗಳ ಕಡೆ ಬೆರಳು ತೋರಿಸಿದರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಭೆಯೂ ನಕ್ಕಿತು. ಎದೆಯ ಮೇಲಿದ್ದ ಕಲ್ಲು ಇಳಿದು ಗುರುಗಳೂ ನಕ್ಕರು. ಮಾನ ಹೋಗಲಿಲ್ಲ, ಕೆಲಸವೂ ಉಳಿಯಿತು, ಇಷ್ಟು ವರ್ಷ ಸುಮ್ಮನೆ ಹೆದರಿದೆ ಎಂದುಕೊಂಡರು.

ಸಾಹೇಬರು ಕಣ್ಣೊರೆಸಿಕೊಂಡು ಎದ್ದರು. "ಅದು ಆಗಿನ ಮಾತು. ಈಗ ನೀವಿಬ್ರೂ ನಿದ್ದೆಗಣ್ಣಲ್ಲೂ ಬರೀತೀರಿ. ಅದೇ ಪ್ರೋಗ್ರಾಮನ್ನ ಇವರ ಮುಂದೇನೇ ಒಂದ್ಸಲ ಬರೆದು ತೋರಿಸಿ."

ಬೇಡವೆನ್ನುವಷ್ಟರಲ್ಲಿ ಎರಡು ಕಂಪ್ಯೂಟರ್ ಬಂದವು, ಎರಡು ಕುರ್ಚಿ ಬಂದವು, ಅಕ್ಕಪಕ್ಕದಲ್ಲೇ. ಗುರುಗಳು ಕೂತರು. ಅಷ್ಟು ವರ್ಷಗಳಲ್ಲಿ ಯಾವುದೋ ಹಳೆಯ ಪ್ರೋಗ್ರಾಮನ್ನು ಎತ್ತಿ ತಂದು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದ್ದರೇ ಹೊರತು, ಖಾಲಿ ಪರದೆಯಲ್ಲಿ ಮೊದಲ ಸಾಲು ಬರೆದವರಲ್ಲ. ಬೆರಳು ಕೀಲಿಮಣೆಯ ಮೇಲೆ ಮರಗಟ್ಟಿದವು. ಹೊಸಬರೆಲ್ಲ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

ಗುರುಗಳು ಮೆಲ್ಲಗೆ ಕತ್ತು ವಾಲಿಸಿದರು. ಮೇಡಂ ಕತ್ತು ಆಗಲೇ ಇತ್ತ ವಾಲಿತ್ತು. ಅವರ ಪರದೆಯೂ ಖಾಲಿ.

"ಏನಾದ್ರೂ ಒಂದು ಸಾಲು ಹೊಡೀರಿ," ಎಂದರು ಮೇಡಂ ಪಿಸುದನಿಯಲ್ಲಿ, "ನೋಡ್ಕೊಂಡು ಹೊಡೀತೀನಿ."