ಕರೆಂಟ್ ಇದ್ದಾಗ ಮಾತ್ರ ಕೆಲಸ ಮಾಡುವ ಬಿಸಿಲು

ಸೌರಶಕ್ತಿ ಯೋಜನೆ ಮತ್ತು ಹಣಕಾಸು ಸಮಿತಿಯ ಘನ ಅಧ್ಯಕ್ಷರೂ, ವಾಣಿಜ್ಯ ವಿಭಾಗದ ಹಿರಿಯ ಪ್ರಾಧ್ಯಾಪಕರೂ, ನನ್ನನ್ನು ಕೈಹಿಡಿದ ಯಜಮಾನರೂ ಆದ ತಮ್ಮ ಸನ್ನಿಧಾನಕ್ಕೆ—

ಮಾನ್ಯರೇ,

ಅನಂತಾನಂತ ನಮಸ್ಕಾರಗಳು. ಬೆಳಿಗ್ಗೆ ಒಂದೇ ಮೇಜಿನ ಆಚೆ ಈಚೆ ಕೂತು ಕಾಫಿ ಕುಡಿಯುವಾಗ ಹೇಳಿಬಿಡಬಹುದಾಗಿದ್ದ ಮಾತನ್ನು ಹೀಗೆ ಕಾಲೇಜು ಗೇಟಿನ ಪಕ್ಕದ ನೋಟಿಸ್ ಬೋರ್ಡಿಗೆ ಅಂಟಿಸಬೇಕಾಗಿ ಬಂದದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಮನೆಯಲ್ಲಿ ನಾನು ಬಾಯಿ ತೆರೆದಾಗಲೆಲ್ಲ ತಾವು, "ಕಾಲೇಜಿನ ವಿಷಯ ಕಾಲೇಜಿನಲ್ಲಿ ಮಾತಾಡೋಣ ಕಣೇ" ಎಂದು ಪತ್ರಿಕೆಯ ಹಿಂದೆ ಮರೆಯಾದಿರಿ. ಆಡಳಿತ ಮಂಡಳಿಯ ಸಭೆಯಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿ ನಾನು ಎದ್ದು ನಿಂತಾಗ, "ಮನೆ ವಿಷಯ ಮನೆಯಲ್ಲಿ ಮಾತಾಡೋಣ" ಎಂದು ನಗೆ ಚೆಲ್ಲಿದಿರಿ. ಪ್ರಾಂಶುಪಾಲರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮನೆಗೂ ಕಾಲೇಜಿಗೂ ನಡುವೆ ಉಳಿದಿರುವುದು ಈ ಗೇಟೊಂದೇ ಆದ್ದರಿಂದ, ವಿಧಿಯಿಲ್ಲದೆ ಇಲ್ಲಿಗೆ ಬಂದಿದ್ದೇನೆ.

ತಮ್ಮ ಸಮಿತಿಯ ಸಾಧನೆಯನ್ನು ಹೊಗಳದೆ ಅಹವಾಲಿಗೆ ಇಳಿದರೆ ಕೃತಘ್ನಳಾದೇನು. ನಮ್ಮ ಕಾಲೇಜಿನ ಮೇಲೆ ಬಿಸಿಲು ಮೊದಲಿನಿಂದಲೂ ಪುಕ್ಕಟೆಯಾಗಿಯೇ ಬೀಳುತ್ತಿತ್ತು. ಅದಕ್ಕೊಂದು ಕರಾರು ಬೇಕು, ಕರಾರಿಗೊಂದು ಕಂಪನಿ ಬೇಕು, ಕಂಪನಿಗೆ ಇಪ್ಪತ್ತೈದು ವರ್ಷದ ಮಾತು ಕೊಡಬೇಕು ಎಂದು ಮೊದಲು ಕಂಡುಕೊಂಡವರು ತಾವು. ಸಾಲ ಕೊಡಲು ಬ್ಯಾಂಕಿನವರು ತಯಾರಿದ್ದರು, ಆದರೆ ಅವರು ಪ್ರಶ್ನೆ ಕೇಳುತ್ತಿದ್ದರು. ಕಂಪನಿಯವರು ಪ್ರಶ್ನೆ ಕೇಳಲಿಲ್ಲ, ತಮಗೆ ಶಾಲು ಹೊದಿಸಿದರು. ಹೀಗಾಗಿ ಛಾವಣಿ ನಮ್ಮದು, ಸೋಲಾರ್ ಫಲಕ ಅವರದು, ನಮ್ಮ ತಲೆಯ ಮೇಲಿನ ಬಿಸಿಲನ್ನು ಅವರಿಂದ ನಾವೇ ಕೊಳ್ಳುವುದು ಎಂಬ ಸರಳ ಸುಂದರ ವ್ಯವಸ್ಥೆ ಜಾರಿಗೆ ಬಂತು. ವಾಣಿಜ್ಯಶಾಸ್ತ್ರವನ್ನು ಇಷ್ಟು ಎತ್ತರಕ್ಕೆ, ಅಂದರೆ ಮೂರನೇ ಮಹಡಿಯ ಮೇಲಕ್ಕೆ, ಒಯ್ದವರು ಇನ್ನೊಬ್ಬರಿಲ್ಲ.

ಫಲಕಗಳನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆಯಲ್ಲೂ ತಮ್ಮ ದೂರದೃಷ್ಟಿ ಮೆಚ್ಚುವಂಥದ್ದು. ದಿನವಿಡೀ ಬಿಸಿಲು ಬೀಳುವುದು ಹಿಂದಿನ ಪ್ರಯೋಗಾಲಯ ಕಟ್ಟಡದ ಮೇಲೆ ಎಂದು ಭೌತಶಾಸ್ತ್ರದವರು ಹೇಳಿದರು. ತಾವು ಗೇಟಿನ ಬಳಿ ನಿಂತು, ಕತ್ತೆತ್ತಿ ನೋಡಿ, ಅಲ್ಲಿ ಹಾಕಿದರೆ ಬಂದವರಿಗೆ ಕಾಣುವುದಿಲ್ಲವಲ್ಲ ಎಂದಿರಿ. ಬಿಸಿಲು ಬೀಳುವ ಜಾಗಕ್ಕಿಂತ ಕಣ್ಣು ಬೀಳುವ ಜಾಗ ಮುಖ್ಯವೆಂದು ತೀರ್ಮಾನವಾಗಿ, ಫಲಕಗಳು ಮುಂದಿನ ಆಡಳಿತ ಕಟ್ಟಡವನ್ನೇರಿದವು. ಅಲ್ಲಿ ಮಧ್ಯಾಹ್ನದ ನಂತರ ನೀರಿನ ಟ್ಯಾಂಕಿನ ನೆರಳು ಅವುಗಳ ಮೇಲೆ ಮಲಗಿ ವಿಶ್ರಾಂತಿ ಪಡೆಯುತ್ತದೆ.

ಇನ್ನು ಬ್ಯಾಟರಿಯ ಸಂಗತಿ. ಮೊದಲ ಯೋಜನೆಯಲ್ಲಿ ಪ್ರಯೋಗಾಲಯಗಳಿಗೆಂದು ಬ್ಯಾಟರಿ ಇತ್ತು. ಹಳೆ ವಿದ್ಯಾರ್ಥಿಗಳ ಸಂಘ ಅದಕ್ಕೆಂದೇ ದೇಣಿಗೆ ಕೊಟ್ಟಿತ್ತು. ಆದರೆ ಉದ್ಘಾಟನೆಗೆ ಗಣ್ಯರು ಬರುವರೆಂದು ಗೊತ್ತಾದ ಮೇಲೆ, ಅವರು ಯಾವುದರ ಕೆಳಗೆ ಹಾದು ಬರಬೇಕು ಎಂಬ ಗಂಭೀರ ಸಮಸ್ಯೆ ಎದುರಾಯಿತು. ಬ್ಯಾಟರಿಯ ಕೆಳಗೆ ಹಾದು ಬರಲು ಯಾರಿಗೂ ಆಗದು. ಆದ್ದರಿಂದ ಅದನ್ನು ಕೈಬಿಟ್ಟು, ಆ ಹಣದಲ್ಲಿ "ಹಸಿರು ಆವರಣಕ್ಕೆ ಸುಸ್ವಾಗತ" ಎಂಬ ಕಮಾನು ಕಟ್ಟಿಸಿದಿರಿ. ಅದರ ಅಂದ ಸಾಲದೆನಿಸಿದಾಗ, ಸೋಲಾರ್ ಬಂದ ಮೇಲೆ ಇದೇಕೆ ಎಂದು ಹಳೆಯ ಡೀಸೆಲ್ ಜನರೇಟರನ್ನು ಗುಜರಿಗೆ ಹಾಕಿ, ಬಂದ ಕಾಸಿನಲ್ಲಿ ಕಮಾನಿಗೆ ಬಣ್ಣದ ದೀಪ ತೂಗಿಸಿದಿರಿ. ಆ ದೀಪಗಳು ಸಂಜೆ ಉರಿಯುವುದರಿಂದ ಅವಕ್ಕೆ ಬೇಕಾದ ಕರೆಂಟು ಬೀದಿಯ ಕಂಬದಿಂದಲೇ ಬರುತ್ತದೆ ಎಂದು ಎತ್ತಿ ತೋರಿಸುವುದು ಸಣ್ಣತನವಾದೀತು.

ಈಗ ನಡೆದದ್ದಕ್ಕೆ ಬರುತ್ತೇನೆ. ನನ್ನ ಬಳಿ ಸಂಶೋಧನೆ ಮಾಡುತ್ತಿರುವ ಹುಡುಗಿ ತಮಗೆ ಗೊತ್ತು. ಗೊತ್ತಿಲ್ಲವಾದರೆ, ಉದ್ಘಾಟನೆಯ ದಿನ ಗಣ್ಯರಿಗೆ ಹೂಗುಚ್ಛ ಕೊಡಲು ತಾವು ಪ್ರಯೋಗಾಲಯದಿಂದ ಎಬ್ಬಿಸಿಕೊಂಡು ಹೋದವಳೇ ಅವಳು. ಬೆಟ್ಟದ ಮೇಲಿನ ಒರತೆಗಳಲ್ಲಿ, ತಣ್ಣೀರಿನಲ್ಲಿ ಮಾತ್ರ ಬದುಕುವ ಪಾಚಿಗಳನ್ನು ಹುಡುಕಿ, ಬಾಟಲಿಯಲ್ಲಿ ತುಂಬಿ, ಬಸ್ಸಿನಲ್ಲಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದು, ನಮ್ಮ ಪುಟ್ಟ ತಂಪು ಕೋಣೆಯಲ್ಲಿ ವರ್ಷಗಟ್ಟಲೆ ಸಾಕಿದ್ದಳು. ಜಾತ್ರೆಯಂತೆ ಸಾಲಾಗಿ ನಿಂತ ಆ ಹಸಿರು ಬಾಟಲಿಗಳನ್ನು ನೋಡಿಯೇ ವಿದ್ಯಾರ್ಥಿಗಳು ನನಗೆ "ಪಾಚಿ ಮೇಡಂ" ಎಂದು ಹೆಸರಿಟ್ಟಿದ್ದು. ನನಗೇನೂ ಬೇಸರವಿರಲಿಲ್ಲ.

ಆ ದಿನ ಬೆಳಿಗ್ಗೆಯೇ ಊರಿನ ಕರೆಂಟು ಹೋಯಿತು. ಎಲ್ಲೋ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತಂತೆ. ನಾವು ಹೆದರಲಿಲ್ಲ. ಹೊರಗೆ ಬಿಸಿಲು ಹೆಂಚು ಕಾದಂತೆ ಕಾಯುತ್ತಿತ್ತು, ಛಾವಣಿಯ ಮೇಲೆ ಫಲಕಗಳು ಕಣ್ಣು ಕುಕ್ಕುತ್ತಿದ್ದವು. ಆದರೆ ಕೋಣೆಯ ಯಂತ್ರ ಗುರ್ರೆನ್ನಲೇ ಇಲ್ಲ. ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಯುವಕ ಬಹಳ ವಿನಯವಂತ. "ಬೀದಿ ಕರೆಂಟ್ ಹೋದ್ರೆ ನಿಮ್ಮ ಸೋಲಾರೂ ತಾನಾಗೇ ನಿಂತುಬಿಡುತ್ತೆ ಮೇಡಂ. ಇಲ್ಲಾಂದ್ರೆ ಕಂಬದ ಮೇಲೆ ರಿಪೇರಿ ಮಾಡೋರಿಗೆ ಶಾಕ್ ಹೊಡಿಯುತ್ತಲ್ಲ. ಬ್ಯಾಟರಿ ಇದ್ದಿದ್ರೆ ಲ್ಯಾಬಿಗೆ ಬೇರೆಯಾಗಿ ಕೊಡಬಹುದಿತ್ತು," ಎಂದು ಸಮಾಧಾನವಾಗಿ ವಿವರಿಸಿದ. ಆಮೇಲೆ, "ನಿಮ್ಮ ಅಧ್ಯಕ್ಷರಿಗೆ ಅವಾಗ್ಲೇ ಹೇಳಿದ್ವಿ" ಎಂದೂ ಸೇರಿಸಿದ.

ತಮಗೆ ಫೋನ್ ಮಾಡಿದೆ. ಹಸಿರು ಆವರಣ ಪ್ರಶಸ್ತಿ ಸ್ವೀಕರಿಸಲು ಪಕ್ಕದ ಊರಿಗೆ ಹೋಗಿದ್ದಿರಿ. "ವೇದಿಕೆ ಮೇಲಿದ್ದೀನಿ, ಆಮೇಲೆ ಮಾಡ್ತೀನಿ" ಎಂದು ಪಿಸುಗುಟ್ಟಿದಿರಿ.

ಆ ಹುಡುಗಿಯೂ ನಾನೂ ಕ್ಯಾಂಟೀನಿನಿಂದ ಐಸ್ ತಂದೆವು. ಒದ್ದೆ ಗೋಣಿಚೀಲ ಹೊದಿಸಿದೆವು, ಬಾಟಲಿಗಳನ್ನು ನೆಲಕ್ಕಿಳಿಸಿ ಪರೀಕ್ಷೆಯ ರಟ್ಟುಗಳಿಂದ ಗಾಳಿ ಬೀಸಿದೆವು. ಐಸು ನೀರಾಯಿತು, ನೀರು ಬೆಚ್ಚಗಾಯಿತು. ಇಳಿಹೊತ್ತಿಗೆ ಬಾಟಲಿಗಳಲ್ಲಿದ್ದ ಹಸಿರು ಮೊದಲು ಹಳದಿಗೆ, ಆಮೇಲೆ ಚಹಾದ ಚರಟದ ಬಣ್ಣಕ್ಕೆ ತಿರುಗಿ ತಳಕ್ಕೆ ಕೂತಿತು. ಅವಳು ಅಳುತ್ತಾಳೆಂದು ನಾನು ಕಾದೆ. ಅಳಲಿಲ್ಲ. ಒಂದೊಂದೇ ಬಾಟಲಿಯನ್ನು ಸಿಂಕಿಗೆ ಸುರಿದು, ತೊಳೆದು, ಬೋರಲು ಹಾಕುತ್ತಾ ಹೋದಳು. ಕಿಟಕಿಯ ಬಳಿ ಒಮ್ಮೆ ನಿಂತು, "ಮೇಡಂ, ಹೊರಗೆ ಇಷ್ಟೊಂದು ಬಿಸಿಲಿದೆಯಲ್ಲ?" ಎಂದಳು. ದೂರಿನ ದನಿಯಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಳು. ಇಷ್ಟು ವರ್ಷ ಪಾಠ ಮಾಡಿದ ನಾನು ಅವಳ ಕೈಯಲ್ಲಿದ್ದ ಬಾಟಲಿ ತೆಗೆದುಕೊಂಡು ತೊಳೆಯತೊಡಗಿದೆ. ಸಂಜೆ ಕರೆಂಟು ಬಂತು. ಮೊದಲು ಹೊತ್ತಿಕೊಂಡಿದ್ದು ತಮ್ಮ ಕಮಾನು.

ಘಟನೆಯನ್ನು ಪರಿಶೀಲಿಸಲು ತಾವು ಉಪಸಮಿತಿ ನೇಮಿಸಿ, ತಾವೇ ಅದರ ಅಧ್ಯಕ್ಷತೆ ವಹಿಸಿಕೊಂಡು, ಪಾಚಿಯ ಸಾವಿಗೆ ಪಾಚಿಯ ಸೂಕ್ಷ್ಮ ಸ್ವಭಾವವೇ ಕಾರಣವೆಂದು ವರದಿ ಕೊಟ್ಟದ್ದನ್ನು ಓದಿ ಸಂತೋಷವಾಯಿತು. ಮುಂದಿನ ಸಲ ಒರಟು ಸ್ವಭಾವದ ಪಾಚಿಯನ್ನೇ ಆರಿಸಿಕೊಳ್ಳಲು ಹುಡುಗಿಗೆ ತಿಳಿಹೇಳುತ್ತೇನೆ.

ಸದ್ಯಕ್ಕೆ ಅವಳು ಮತ್ತೆ ಬೆಟ್ಟ ಹತ್ತಿ ಹೊಸ ಬಾಟಲಿಗಳನ್ನು ತಂದಿದ್ದಾಳೆ. ಅವನ್ನು ಎಲ್ಲಿಡುವುದೆಂದು ಯೋಚಿಸುವಾಗ ನನಗೆ ಹೊಳೆಯಿತು: ಕರೆಂಟು ಹೋದರೂ ಕ್ರಿಕೆಟ್ ನಿಲ್ಲಬಾರದೆಂದು ತಾವು ನಮ್ಮ ಮನೆಗೆ ದೊಡ್ಡ ಬ್ಯಾಟರಿಯನ್ನೇ ಹಾಕಿಸಿದ್ದೀರಲ್ಲ! ಅದರ ಒಂದು ತಂತಿಯನ್ನು ಟಿವಿಯಿಂದ ಬಿಡಿಸಿ ಫ್ರಿಜ್ಜಿಗೂ, ಪಾಚಿಗೆಂದು ಅದರೊಳಗೆ ಇಟ್ಟ ಪುಟ್ಟ ದೀಪಕ್ಕೂ ಕೊಡಿಸಿದೆ. ಫ್ರಿಜ್ಜಿನಲ್ಲಿದ್ದ ತಮ್ಮ ಐಸ್ ಕ್ರೀಮ್, ತಂಪು ಪಾನೀಯಗಳೆಲ್ಲ ಈಗ ಸಿಬ್ಬಂದಿ ಕೊಠಡಿಯಲ್ಲಿವೆ. ಅಲ್ಲಿಯವರು ಅವನ್ನು ಉಳಿಸುವ ಭರವಸೆ ಕೊಟ್ಟಿಲ್ಲ. ಹುಡುಗಿ ದಿನಾ ಬೆಳಿಗ್ಗೆ ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ಅಡುಗೆಮನೆಯಲ್ಲಿ ನಿಂತು ಸಂಶೋಧನೆ ಮಾಡುತ್ತಾಳೆ. ತಾವು ಮೊದಲ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಇದೆಲ್ಲ ಎಷ್ಟು ದಿನ?" ಎಂದಿರಿ. ಅದನ್ನು ಸಮಿತಿಯ ಮುಂದಿಡಿ ಎಂದೆ.

ಆದರೂ ಒಂದು ಮಾತನ್ನು ದಾಖಲಿಸಲೇಬೇಕು. ನಿನ್ನೆ ತಾವು ತಣ್ಣೀರಿಗೆಂದು ಫ್ರಿಜ್ ತೆರೆದು, ಒಳಗೆ ತುಂಬಿದ ಹಸಿರನ್ನು ನೋಡುತ್ತಾ ನಿಂತುಬಿಟ್ಟಿರಿ. ಅವಳು ಹಿಂದಿನಿಂದ, "ಸರ್, ಬೇಗ ಬಾಗಿಲು ಹಾಕಿ, ತಂಪು ಹೋಗುತ್ತೆ," ಎಂದಳು. ತಾವು ತಕ್ಷಣ ಹಾಕಿದಿರಿ. ತಮ್ಮ ಅಧ್ಯಕ್ಷಾವಧಿಯಲ್ಲಿ ಯಾವ ಚರ್ಚೆಯೂ ಇಲ್ಲದೆ ಕೈಗೊಂಡ ಮೊದಲ ಕ್ರಮ ಇದು. ಆಮೇಲೆ ಅವಳನ್ನು, "ಇದಕ್ಕೆ ಊಟ ಏನು ಹಾಕ್ತೀಯಮ್ಮಾ?" ಎಂದು ಕೇಳಿದಿರಿ. "ಬೆಳಕು ಸರ್, ಅಷ್ಟೇ," ಎಂದಳು. ತಾವು ನೀರು ಕುಡಿಯದೆ ಹೊರಟುಹೋದಿರಿ. ತಮ್ಮ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಮದುವೆಯಾದ ಮೇಲೆ ಅಪರೂಪಕ್ಕೆ ಕಂಡ ಆ ಬಣ್ಣ ನನಗೆ ಇಷ್ಟವಾಯಿತು; ಆದರೆ ಅದನ್ನು ಬ್ಯಾಟರಿಯ ಬದಲಿಗೆ ಸ್ವೀಕರಿಸಲಾರೆ.

ಆದಕಾರಣ ನನ್ನ ವಿನಮ್ರ ಬೇಡಿಕೆಗಳು: ಇಪ್ಪತ್ತೈದು ವರ್ಷದ ಕರಾರಿಗೆ ಒಂದು ತಿದ್ದುಪಡಿ ತಂದು, ಬೀದಿಯ ಕರೆಂಟು ಇಲ್ಲದಾಗ ಉದಯಿಸಬಾರದೆಂದು ಸೂರ್ಯನಿಂದಲೂ ಸಹಿ ಹಾಕಿಸಿಕೊಳ್ಳಬೇಕು, ಆಗ ಹುಡುಗಿಯರು ಕಿಟಕಿಯ ಬಳಿ ನಿಂತು ಕೇಳಬಾರದ್ದನ್ನು ಕೇಳುವುದು ತಪ್ಪುತ್ತದೆ. ನೀರಿನ ಟ್ಯಾಂಕಿಗೆ ನೆರಳನ್ನು ಬೇರೆ ಕಡೆ ಇಟ್ಟುಕೊಳ್ಳುವಂತೆ ಜ್ಞಾಪನಾ ಪತ್ರ ಕೊಡಬೇಕು. ಕಮಾನನ್ನು ಕಳಚಿ ತಂಪು ಕೋಣೆಯ ಬಾಗಿಲಿಗೆ ನಿಲ್ಲಿಸಬೇಕು. ಒಳಗೆ ಸಾಯುವವರಿಗೂ ಸುಸ್ವಾಗತ ಸಿಕ್ಕಂತಾಗುತ್ತದೆ. ಇವೆಲ್ಲ ಕಷ್ಟವೆನಿಸಿದರೆ, ಬ್ಯಾಟರಿಗೆಂದು ಕೊಟ್ಟ ದೇಣಿಗೆಯಲ್ಲಿ ಬ್ಯಾಟರಿ ತರುವ ಅಡ್ಡದಾರಿಯೂ ಒಂದಿದೆ. ಹಳೆ ವಿದ್ಯಾರ್ಥಿಗಳ ಸಂಘದವರು ಲೆಕ್ಕ ಕೇಳಲು ಬರುವ ವಾರ ಬರುತ್ತಿದ್ದಾರೆ. ಅವರಿಗೆ ದಾರಿ ತೋರಿಸುವ ಕೆಲಸವನ್ನು ಪ್ರಾಂಶುಪಾಲರು ನನಗೆ ವಹಿಸಿದ್ದಾರೆ. ಈ ಬಾರಿ ಅವರು ನಗಲಿಲ್ಲ. ಅತಿಥಿಗಳನ್ನು ಕಮಾನಿನ ಕೆಳಗಿನಿಂದ ಕರೆತಂದು, ಛಾವಣಿ ತೋರಿಸಿ, ಕೊನೆಗೆ ನಮ್ಮ ಅಡುಗೆಮನೆಗೆ ಕರೆದುಕೊಂಡು ಬರುವವಳಿದ್ದೇನೆ. ತಾವು ದಯವಿಟ್ಟು ಮನೆಯಲ್ಲೇ ಇರಬೇಕು.

ಇತಿ, ತಮ್ಮ ಸುಖದುಃಖದಲ್ಲಿ ಪಾಲುದಾರಳೂ, ತಮ್ಮ ವಿದ್ಯುತ್ ವ್ಯವಸ್ಥೆಯಲ್ಲಿ ನೊಂದ ಗ್ರಾಹಕಿಯೂ ಆದ

ತಮ್ಮ ವಿಶ್ವಾಸಿ,
ಪಾಚಿ ಮೇಡಂ
ಸಸ್ಯಶಾಸ್ತ್ರ ವಿಭಾಗ

ಮರೆತ ಮಾತು: ಮುಂದಿನ ವರ್ಷದ ಮಳೆನೀರು ಸಂಗ್ರಹ ಸಮಿತಿಗೂ ತಮ್ಮನ್ನೇ ಅಧ್ಯಕ್ಷರನ್ನಾಗಿ ಸೂಚಿಸಿದ್ದಾರೆಂದು ಕೇಳಿ ಹೆಮ್ಮೆಯಾಯಿತು. ತಮ್ಮ ಶೈಲಿ ಬಲ್ಲವಳಾಗಿ ಒಂದೇ ಒಂದು ಕೋರಿಕೆ: ಖರ್ಚು ಕಡಿಮೆ ಮಾಡುವಾಗ ದಯವಿಟ್ಟು ತೊಟ್ಟಿಯನ್ನು ಕೈಬಿಡಬೇಡಿ.