ಕೆಡದ ಮೈಕ್ ಸೆಟ್ಟು ಕೆಟ್ಟ ಕಥೆ

ವಾದ ಮಾಡಲು ಕಲಿತವನಿಗೆ ನಾಚಿಕೆ ತಡವಾಗಿ ಬರುತ್ತದೆ. ಬೇರೆಯವರಿಗೆ ತಪ್ಪು ಮಾಡಿದ ಕೂಡಲೇ ಕಿವಿ ಬಿಸಿಯಾಗುತ್ತದಂತೆ. ನನಗೆ ಹಾಗಲ್ಲ. ಮೊದಲು ಮೂರು ಸಮರ್ಥನೆಗಳು ಹೊಳೆಯುತ್ತವೆ. ಆಮೇಲೆ ಎದುರಾಳಿ ಎತ್ತಬಹುದಾದ ಆಕ್ಷೇಪಣೆಗಳು, ಅವಕ್ಕೆ ನನ್ನ ಉತ್ತರಗಳು, ಕೊನೆಗೆ ಸಭೆಗೆ ವಂದನೆ. ಇಷ್ಟೂ ಮುಗಿದು ನಾಚಿಕೆಯ ಸರದಿ ಬರುವಷ್ಟರಲ್ಲಿ ಎಂಟು ಹತ್ತು ದಿನ ಕಳೆದಿರುತ್ತದೆ, ತಪ್ಪು ಅಷ್ಟರಲ್ಲಿ ಊರೆಲ್ಲ ಸುತ್ತಿ ಬಂದಿರುತ್ತದೆ. ಈಗ ಹೇಳಹೊರಟಿರುವ ಸಂಗತಿಯಲ್ಲಿ ಅದು ಹನ್ನೊಂದು ದಿನ ತೆಗೆದುಕೊಂಡಿತು. ಲೆಕ್ಕ ಇಟ್ಟಿದ್ದೇನೆ, ಏಕೆಂದರೆ ಆ ಹನ್ನೊಂದು ದಿನಗಳಲ್ಲೇ ಮೈಕ್ ಸೆಟ್ಟಿನ ಬುಡೇನ್ ಸಾಬರು ತಮ್ಮ ಅಂಗಡಿಯಲ್ಲಿ ಕೂತು ಇಲ್ಲದ ದೋಷವೊಂದನ್ನು ಹುಡುಕುತ್ತಿದ್ದರು.

ನನ್ನ ಊರು ಹಿರಿಯೂರು. ಅಪ್ಪನದು ತೆಂಗಿನಕಾಯಿ ಮಂಡಿ. ನಾನು ಓದುತ್ತಿದ್ದದ್ದು ಚಿತ್ರದುರ್ಗದ ಕಾಲೇಜಿನಲ್ಲಿ, ಬಸ್ಸಿನಲ್ಲಿ ಓಡಾಡಿಕೊಂಡು. ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದ್ದೇ ಹೆಚ್ಚು. ಎರಡು ಷೀಲ್ಡುಗಳು ಮನೆಯ ದೇವರ ಗೂಡಿನ ಪಕ್ಕದಲ್ಲೇ ಇದ್ದವು, ಅಮ್ಮ ಅವಕ್ಕೂ ಕುಂಕುಮ ಹಚ್ಚುತ್ತಿದ್ದಳು. ನಾನೋ ಯಾವುದನ್ನೂ ಪುರಾವೆಯಿಲ್ಲದೆ ಒಪ್ಪದವನು. ರಾಹುಕಾಲದಲ್ಲಿ ಬಸ್ಸು ಹತ್ತಬೇಡ ಎಂದ ಅಜ್ಜಿಗೆ, ಆ ಬಸ್ಸಿನಲ್ಲಿರುವ ಉಳಿದ ಐವತ್ತು ಜನರ ಜಾತಕವೂ ನನ್ನದೇ ಏನು ಎಂದು ಕೇಳಿ ಅವಳನ್ನು ಅಳಿಸಿದ್ದೇನೆ. ಗೆದ್ದೆ ಎಂದುಕೊಂಡೆ. ಅಜ್ಜಿ ಮಾರನೆಯ ದಿನದಿಂದ ನನಗೆ ಹೇಳುವುದನ್ನೇ ಬಿಟ್ಟು, ನಾನು ಹೊರಟ ಮೇಲೆ ಹಿಂದಿನಿಂದ ದೃಷ್ಟಿ ತೆಗೆಯಲು ಶುರುಮಾಡಿದಳು.

ಇಂಥವನ ಕೈಗೆ ಗಿಟಾರು ಸಿಕ್ಕಿದ್ದು ಚಿಕ್ಕಜಾಜೂರಿನಲ್ಲಿ. ಅಲ್ಲಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಗಾರ್ಡೊಬ್ಬರು ವರ್ಗವಾಗಿ ಹೋಗುವಾಗ ಸಾಮಾನು ಕಡಿಮೆ ಮಾಡಿಕೊಳ್ಳಲೆಂದು ನಮ್ಮ ಸೋದರಮಾವನಿಗೆ ಅದನ್ನು ದಾಟಿಸಿದರು, ಮಾವ ನನಗೆ ದಾಟಿಸಿದ. ಅದು ಕರೆಂಟಿನ ಗಿಟಾರು. ತಂತಿಗಳ ಕೆಳಗೆ ಅಯಸ್ಕಾಂತದ ಪಟ್ಟಿ, ಬದಿಯಲ್ಲಿ ವೈರು ಚುಚ್ಚಲು ತೂತು. ವೈರು ಚುಚ್ಚದೆ ಬಾರಿಸಿದರೆ ಸೊಳ್ಳೆಪರದೆಯೊಳಗಿನ ಸೊಳ್ಳೆಯಷ್ಟು ಸದ್ದು. ನನಗೆ ಬೇಕಾಗಿದ್ದದ್ದು ಬೇರೆ. ಶಾರ್ಟ್‌ವೇವಿನಲ್ಲಿ ಯಾವುದೋ ದೇಶದ ಸ್ಟೇಷನ್ನು ಹಿಡಿದಾಗ ಒಂದು ಗಿಟಾರು ಕೇಳಿದ್ದೆ. ಅದು ಹಾಡುತ್ತಿರಲಿಲ್ಲ, ಗುರುಗುಡುತ್ತಿತ್ತು. ಒಮ್ಮೆ ಮೀಟಿದರೆ ಸಾಕು, ಆ ಸದ್ದು ಎಳೆದಷ್ಟೂ ಬರುತ್ತಿತ್ತು, ಕೋಪ ಮಾಡಿಕೊಂಡ ಹೋರಿ ಗಂಟಲೊಳಗೇ ಸದ್ದು ತಿರುವಿದಂತೆ. ಜಗತ್ತಿನಲ್ಲಿ ನನ್ನಂತೆಯೇ ಮಾತಾಡುವ ವಾದ್ಯ ಒಂದಾದರೂ ಇದೆ ಅನ್ನಿಸಿತ್ತು.

ಮೊದಲು ಮನೆಯ ರೇಡಿಯೋಗೆ ಚುಚ್ಚಿದೆ. ಹಳೆಯ ರೇಡಿಯೋಗಳ ಬೆನ್ನಿನಲ್ಲಿ ಗ್ರಾಮಫೋನಿಗೆಂದು ಎರಡು ತೂತು ಇರುತ್ತವೆ, ಅದು ಅಲ್ಲಿ ಹಿಡಿಯಿತು. ಎರಡು ದಿನ ಗುರುಗುಟ್ಟಿತು ಕೂಡ. ಮೂರನೆಯ ದಿನ ಅಪ್ಪ ವಾರ್ತೆ ಹಾಕಿದಾಗ ಓದುವವರ ದನಿ ಒಡೆದಿತ್ತು. ಪಾಪ, ಅವರಿಗೆ ನೆಗಡಿ ಇರಬೇಕು ಎಂದರು ಅಪ್ಪ. ಇರಬಹುದು ಎಂದೆ ನಾನು. ಮುಂದಿನ ವಾರ ಕೃಷಿರಂಗದವರಿಗೂ ನೆಗಡಿ, ಭಕ್ತಿಗೀತೆಯವರಿಗೂ ನೆಗಡಿ. ಆಗಲೂ ಇರಬಹುದು ಎಂದೆ. ಆಮೇಲೆ ಕಾಲೇಜಿನ ಹೊಸ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಚುಚ್ಚಿ ನೋಡಿದೆ. ಹೊಸದೆಲ್ಲ ಹಳೆಯದಕ್ಕಿಂತ ಉತ್ತಮ ಎಂಬ ವಿಷಯದ ಪರವಾಗಿ ಮಾತಾಡಿ ನಾನು ಷೀಲ್ಡು ಗೆದ್ದದ್ದು ಅದೇ ಆಂಪ್ಲಿಫೈಯರಿನ ಮೂಲಕ. ಅದು ಮೆಲ್ಲಗೆ ಬಾರಿಸಿದರೆ ಸೌಮ್ಯ, ಜೋರಾಗಿ ಬಾರಿಸಿದರೆ ಒಣ ತಗಡು ಹರಿದ ಸದ್ದು. ಗುರುಗುಡುವ ಗುಣ ಅದಕ್ಕಿರಲಿಲ್ಲ. ನನಗೆ ಮನೆಯ ರೇಡಿಯೋದಂತೆ ಗಾಜಿನ ವಾಲ್ವುಗಳಿರುವ ಹಳೆಯ ಸೆಟ್ಟೇ ಬೇಕಾಗಿತ್ತು, ಅದೂ ದೊಡ್ಡದು. ಹಿರಿಯೂರಿನಲ್ಲಿ ಅಂಥದ್ದು ಇದ್ದದ್ದು ಬುಡೇನ್ ಸಾಬರ ಹತ್ತಿರ.

ಬುಡೇನ್ ಸಾಬರದು ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮತ್ತು ಮೈಕ್ ಸೆಟ್ಟಿನ ಅಂಗಡಿ. ಅವರ ಸ್ಪೀಕರ್ ಪೆಟ್ಟಿಗೆಯ ಮೇಲೆ ಅವರ ಹೆಸರು ಹಳದಿ ಬಣ್ಣದಲ್ಲಿ ಬರೆದಿರುತ್ತಿತ್ತು. ಸುತ್ತಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಛತ್ರಕ್ಕಿಂತ ಮೊದಲು ಅವರಿಗೆ ಹೇಳುತ್ತಿದ್ದರು. ಅವರ ಸೆಟ್ಟಿನಲ್ಲಿ ಮಾತಾಡಿದರೆ ಹೊಲದಾಚೆ ಕುರಿ ಕಾಯುವವನಿಗೂ ಮುಯ್ಯಿ ಓದಿಸಿದವರ ಹೆಸರು ಅಕ್ಷರ ಬಿಡದೆ ಕೇಳುತ್ತದೆ ಎಂಬ ಮಾತಿತ್ತು. ಮದುವೆಗೆ ಮುಯ್ಯಿ, ಅಂದರೆ ಉಡುಗೊರೆ, ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗುವ ಪದ್ಧತಿ ನಮ್ಮ ಕಡೆ ಎಷ್ಟು ಮುಖ್ಯವೆಂದರೆ, ಹೆಸರು ಸರಿಯಾಗಿ ಕೇಳದಿದ್ದರೆ ಮಾಡಿದವರು ಊಟ ಬಿಟ್ಟು ಎದ್ದದ್ದೂ ಉಂಟು. ಆದ್ದರಿಂದ ಸಾಬರು ಆಂಪ್ಲಿಫೈಯರಿನ ಪ್ರತಿಯೊಂದು ತಿರುಗಣೆಯ ಪಕ್ಕದಲ್ಲೂ ಸೈಕಲ್ ಪೇಂಟಿನಿಂದ ಒಂದೊಂದು ಕೆಂಪು ಬೊಟ್ಟು ಇಟ್ಟಿದ್ದರು. ಅಲ್ಲಿಯವರೆಗೆ ದನಿ ಶುದ್ಧ, ಆಚೆ ಹೋದರೆ ಒಡೆಯುತ್ತದೆ. ಅಳೆಯುವ ಯಂತ್ರ ಯಾವುದೂ ಇಲ್ಲ, ಬರೀ ಕಿವಿಯಿಂದ ಕಂಡುಕೊಂಡ ಗಡಿ.

ನಾನು ಅವರಿಗೆ ಹೇಳಿದ್ದು ಚರ್ಚಾಸ್ಪರ್ಧೆಗೆ ಮನೆಯಲ್ಲಿ ಅಭ್ಯಾಸ ಮಾಡಬೇಕು ಎಂದು. ಅಪ್ಪನಿಗೂ ಅದನ್ನೇ ಹೇಳಿದ್ದೆ. ಸಾಬರು ಬಾಡಿಗೆ ಬೇಡವೆಂದರು, ನಮ್ಮೂರ ಹುಡುಗ ಮಾತಾಡೋದು ದುರ್ಗದಲ್ಲಿ ಕೇಳಿಸಬೇಕು ಎಂದರು. ಸ್ಪೀಕರು ಸೇರಿಸದೆ ಸ್ವಿಚ್ ಹಾಕಬೇಡ, ವಾಲ್ವು ಬಿಸಿಯಾಗುವ ತನಕ ಕಾಯಿ, ಬೊಟ್ಟು ದಾಟಬೇಡ ಎಂದು ಮೂರು ಸಲ ಹೇಳಿದರು. ದಾಟಬಾರದಿದ್ದರೆ ಕಂಪನಿಯವರು ಹತ್ತರವರೆಗೆ ಅಂಕಿ ಯಾಕೆ ಬರೆದರು, ಆರಕ್ಕೇ ನಿಲ್ಲಿಸಬಹುದಿತ್ತಲ್ಲ ಎಂದು ನಾನು ಕೇಳಿದೆ.

"ನಿನ್ನ ಮಾತಿಗೆ ನನ್ನತ್ರ ಜವಾಬಿಲ್ಲ ಬಿಡಪ್ಪ," ಎಂದು ಸಾಬರು ನಕ್ಕು, ಪೆಟ್ಟಿಗೆಯನ್ನು ತಾವೇ ಸೈಕಲ್ಲಿಗೆ ಕಟ್ಟಿಕೊಟ್ಟರು.

ವಾಲ್ವಿನ ಸೆಟ್ಟಿನ ಒಂದು ಗುಣವಿದೆ, ಅದನ್ನು ಅನುಭವದಿಂದಲೇ ಕಲಿಯಬೇಕು. ಮೆಲ್ಲಗೆ ಇಟ್ಟರೆ ಅದು ಗುರುಗುಡುವುದಿಲ್ಲ. ಬೊಟ್ಟು ದಾಟಿ, ಎಂಟು ದಾಟಿ, ಹತ್ತಕ್ಕೆ ಬಂದಾಗ ವಾಲ್ವುಗಳು ಒಳಗೆ ಕೆಂಡದಂತೆ ಹೊಳೆದು, ಆಮೇಲೆ ಬರುತ್ತದೆ ಆ ಸದ್ದು. ಬಂತು. ಶಾರ್ಟ್‌ವೇವಿನ ಹೋರಿ ನಮ್ಮ ನಡುಮನೆಯಲ್ಲೇ ನಿಂತಿತ್ತು. ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿದವು, ಅಮ್ಮ, ಅಜ್ಜಿ ಇಬ್ಬರೂ ಅಕ್ಕನ ಮನೆಗೆ ಹೋಗಿದ್ದದ್ದು ನನ್ನ ಪುಣ್ಯ. ಇನ್ನು ಇದನ್ನು ಟೇಪಿನಲ್ಲಿ ಹಿಡಿಯಬೇಕು. ಭಾವನ ಟೇಪ್ ರೆಕಾರ್ಡರು ತಂದಿದ್ದೆ. ಮುಂದೆ ಇಟ್ಟರೆ ಬರೀ ಕರಕರ. ಅಕ್ಕಿ ಡಬ್ಬಿಯೊಳಗೆ ಇಟ್ಟೆ, ಬಾವಿಯೊಳಗಿನ ಸದ್ದು. ಕೊನೆಗೆ ಪಕ್ಕದ ಮನೆಯ ಈರಣ್ಣನವರ ಹತ್ತಿರ ನಾಲ್ಕು ಕಂಬಳಿ ಕೇಳಿ ತಂದೆ. ಈರಣ್ಣನವರದು ಹಟ್ಟಿಯಿಂದ ಬಂದು ಪೇಟೆ ಸೇರಿದ ಕುರಿಗಾರರ ಮನೆತನ, ಕಂಬಳಿ ವ್ಯಾಪಾರ. ಗಂಟಲು ಕಟ್ಟಿದೆ, ಹೊದ್ದು ಮಲಗಬೇಕು ಎಂದು ಹೇಳಿದ್ದೆ. ಒಂದು ಗಂಟಲಿಗೆ ನಾಲ್ಕು ಕಂಬಳಿ ಯಾಕೆಂದು ಆ ಒಳ್ಳೆಯ ಮನುಷ್ಯ ಕೇಳಲಿಲ್ಲ. ಸ್ಪೀಕರಿಗೆ ಎರಡು ಹೊದಿಸಿ, ರೆಕಾರ್ಡರಿಗೆ ಎರಡು ಸುತ್ತಿ, ಐದು ನಿಮಿಷ ಬಾರಿಸಿದೆ. ಟೇಪಿನಲ್ಲಿ ಅದು ಅದ್ಭುತವಾಗಿ ಬಂತು. ನನ್ನ ಜೀವನದಲ್ಲಿ ಅಷ್ಟು ಸಂತೋಷ ಯಾವ ಷೀಲ್ಡಿನಿಂದಲೂ ಆಗಿರಲಿಲ್ಲ.

ಇನ್ನೊಮ್ಮೆ ಬಾರಿಸುತ್ತಿರುವಾಗ ಬಾಗಿಲು ತಟ್ಟಿದರು. ಅಪ್ಪ ಊಟಕ್ಕೆ ಬಂದಿದ್ದರು, ಜೊತೆಯಲ್ಲಿ ಈರಣ್ಣನವರು. ಮುಂದಿನ ತಿಂಗಳು ಅವರ ಮಗಳ ಮದುವೆ, ಬುಡೇನ್ ಸಾಬರಿಗೆ ಆಗಲೇ ಹೇಳಿಯಾಗಿತ್ತು. ಸ್ಪೀಕರಿನ ಮೇಲಿನ ಕಂಬಳಿ ಎಳೆದು, ಗಿಟಾರನ್ನು ಅದರಡಿ ತುರುಕಿ ಬಾಗಿಲು ತೆಗೆದೆ. ಒಳಗೆ ಸೆಟ್ಟು ಇನ್ನೂ ಗುಂಯ್ ಎನ್ನುತ್ತಿತ್ತು. ಈರಣ್ಣನವರ ಕಣ್ಣು ಹಳದಿ ಅಕ್ಷರಗಳ ಮೇಲೆ ಹೋಯಿತು.

"ಸಾಬ್ರು ಸೆಟ್ಟಲ್ವೇನಪ್ಪ ಇದು? ಬೀದಿ ತನಕ ಕರ್ರೋ ಅಂತ ಒಡಕು ಕೇಳ್ತೈತೆ. ಕೆಟ್ಟೈತಾ?"

ಅಪ್ಪ ನನ್ನ ಮುಖ ನೋಡುತ್ತಿದ್ದರು. ಕೆಟ್ಟಿಲ್ಲ ಎಂದರೆ ಗಿಟಾರು ಹೊರಬರಬೇಕು, ಗಿಟಾರಿನ ಹಿಂದೆ ಚರ್ಚಾಸ್ಪರ್ಧೆಯ ಸುಳ್ಳು, ಅದರ ಹಿಂದೆ ರೇಡಿಯೋದ ನೆಗಡಿ. ಒಂದು ಕ್ಷಣವೂ ಬೇಕಾಗಲಿಲ್ಲ ನನಗೆ. ಹೌದು, ಸೆಟ್ಟೇ ಕೆಟ್ಟಿದೆ, ವಾಲ್ವು ಹಳೆಯದಾದರೆ ಹೀಗೇ, ಮಾತಾಡಿದ್ದು ಒಂದಕ್ಷರವೂ ತಿಳಿಯುವುದಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮಾತು ಕಲಿತವನು ಉದಾಹರಣೆ ಕೊಡದೆ ನಿಲ್ಲಿಸುತ್ತಾನೆಯೇ? ಮುಯ್ಯಿ ಕೂಗುವಾಗ ಹೀಗಾದರೆ ಬೀಗರ ಗತಿ ಏನು ಯೋಚಿಸಿ ಎಂದೂ ಸೇರಿಸಿದೆ.

ಸೆಟ್ಟನ್ನು ಮಾರನೆಯ ದಿನವೇ ಸಾಬರಿಗೆ ಹಿಂದಿರುಗಿಸಿದೆ. ಈರಣ್ಣನವರು ಯೋಚಿಸಿದರು. ಎರಡೇ ದಿನದಲ್ಲಿ ಹೊಳಲ್ಕೆರೆಯ ಸೆಟ್ಟಿನವನಿಗೆ ಹೇಳಿ ಕಳಿಸಿದರು. ಅವರ ಬಾಯಿಂದ ಕೇಳಿ ಇನ್ನೂ ಎರಡು ಮದುವೆಯವರು ಸಾಬರನ್ನು ಬಿಟ್ಟರು. ಇದೆಲ್ಲ ನನ್ನ ಕಿವಿಗೆ ಬಿತ್ತು, ನಾನು ಸಮರ್ಥನೆಗಳಲ್ಲಿ ಮುಳುಗಿದ್ದೆ. ಸೆಟ್ಟು ನಿಜಕ್ಕೂ ಹಳೆಯದು ಎಂಬುದು ಒಂದನೆಯದು, ಗಿರಾಕಿಗೆ ಆಯ್ಕೆಯ ಹಕ್ಕಿದೆ ಎಂಬುದು ಎರಡನೆಯದು. ಮೂರನೆಯದು ಈಗ ನೆನಪಿಲ್ಲ, ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಹನ್ನೊಂದನೆಯ ದಿನ ಅಂಗಡಿಯ ಮುಂದೆ ಹೋಗುತ್ತಿದ್ದೆ. ಸಾಬರು ಸೆಟ್ಟನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡಿದ್ದರು. ಎರಡು ವಾಲ್ವು ಬದಲಾಯಿಸಿ ನೋಡಿದ್ದರಂತೆ, ದುರ್ಗಕ್ಕೆ ಹೋಗಿ ತೋರಿಸಿಕೊಂಡೂ ಬಂದಿದ್ದರಂತೆ. ಅಲ್ಲಿಯವರು ಸರಿಯಾಗೇ ಇದೆ ಎಂದು ಹೇಳಿ ಕಳಿಸಿದ್ದರು. ನನ್ನನ್ನು ಕಂಡು, ಬಾರಪ್ಪ, ಕುಂತ್ಕ ಎಂದು ಸ್ಟೂಲು ಸರಿಸಿದರು.

"ಅವತ್ತು ನೀನು ಖುದ್ ಕೇಳಿದೀಯಲ್ಲ, ಹೇಳು. ಒಡಕು ಮೇಲಿಂದಾ, ಕೆಳಗಿಂದಾ? ನಂಗೆ ಎಷ್ಟು ಕೇಳಿದ್ರೂ ಸಾಫಾಗೇ ಕೇಳ್ತೈತೆ." ಸ್ವಲ್ಪ ಹೊತ್ತು ಸ್ಕ್ರೂಡ್ರೈವರು ತಿರುಗಿಸಿದರು. "ವಯಸ್ಸಾತು. ನನ್ ಕಿವಿನೇ ಹೋಯ್ತೇನೋ. ಕಿವಿ ಹೋದ್ಮೇಲೆ ಅಂಗಡಿ ಮುಚ್ಚೋದೇ ಸರಿ."

ಆಗ ಬಂತು ನೋಡಿ ನಾಚಿಕೆ, ಹನ್ನೊಂದು ದಿನದ್ದೂ ಒಟ್ಟಿಗೆ. ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರಿಗೆ ಗೊತ್ತಾಗದ ಹಾಗೆ ಸರಿಪಡಿಸಬಹುದೆಂದು ಈರಣ್ಣನವರ ಮನೆಗೆ ಓಡಿದೆ. ಸೆಟ್ಟು ಚೆನ್ನಾಗಿದೆ, ನಾನೇ ತಪ್ಪು ತಿಳಿದಿದ್ದೆ ಎಂದು ಅರ್ಧ ಗಂಟೆ ವಾದಿಸಿದೆ. ಅವರು ಕಂಬಳಿ ಮಡಿಚುತ್ತಾ ಕೇಳಿಸಿಕೊಂಡರು.

"ಅವತ್ತು ಕೆಟ್ಟೈತೆ ಅಂದೋನೂ ನೀನೆ, ಇವತ್ತು ಚೆನ್ನಾಗೈತೆ ಅನ್ನೋನೂ ನೀನೆ. ಕಾಲೇಜಲ್ಲಿ ಎರಡೂ ಕಡೆ ಮಾತಾಡೋದು ಕಲಿಸ್ತಾರಂತಲ್ಲಪ್ಪ, ಚೆನ್ನಾಗಿ ಕಲ್ತಿದೀಯ."

ಸಾಕ್ಷ್ಯ ಬೇಕೆಂದು ಟೇಪು ತಂದು ಹಾಕಿದೆ. ಇದು ಗಿಟಾರಿನ ಸದ್ದು, ಬೇಕೆಂದೇ ಹೀಗೆ ಮಾಡಿದ್ದು ಎಂದೆ. ಅವರು ಮುಖ ಕಿವುಚಿಕೊಂಡು ಕೇಳಿ, ಬೇಕೂಂತ ಯಾರಾದ್ರೂ ಇಂಥ ಸೌಂಡು ಮಾಡ್ತಾರೇನೋ, ಟೇಪಿನಲ್ಲೂ ಕೆಟ್ಟೇ ಐತಲ್ಲ ಎಂದರು. ನನ್ನ ಬದುಕಿನ ಅತ್ಯುತ್ತಮ ರೆಕಾರ್ಡಿಂಗಿಗೆ ಸಿಕ್ಕ ಮೊದಲ ಅಭಿಪ್ರಾಯ ಅದು.

ಬೇರೆ ದಾರಿ ಉಳಿಯಲಿಲ್ಲ. ಅದೇ ಟೇಪನ್ನು ಹಿಡಿದುಕೊಂಡು ಸಾಬರ ಅಂಗಡಿಗೆ ಹೋದೆ. ಅಲ್ಲಿದ್ದ ರೆಕಾರ್ಡರಿನಲ್ಲಿ ಹಾಕಿ ಕೇಳಿಸಿದೆ. ಸಾಬರು ತಲೆ ಓರೆ ಮಾಡಿ ಕೇಳಿದರು. ಅರ್ಧ ನಿಮಿಷ ಕೂಡ ಆಗಿರಲಿಲ್ಲ.

"ವಾಲ್ಯೂಮು ಹತ್ತಕ್ಕೆ ತಿರುಗಿಸಿದೀಯ. ಟೋನೂ ಪೂರ್ತಿ. ಮೇಲೇನೋ ಹೊದಿಸಿದೀಯ, ಕಂಬಳಿನಾ?"

ಹೌದೆಂದು ತಲೆಯಾಡಿಸಿದೆ. ಬೈಯುತ್ತಾರೆಂದು ಕಾದೆ. ಅವರು ಎರಡೂ ಅಂಗೈಗಳಿಂದ ಕಿವಿಗಳನ್ನೊಮ್ಮೆ ಉಜ್ಜಿಕೊಂಡು ಉಸಿರು ಬಿಟ್ಟರು. "ಕಿವಿ ಸರಿ ಐತೆ ಬಿಡು ಹಂಗಾದ್ರೆ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅವರು ನನ್ನನ್ನು ಹೊಡೆದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಆಮೇಲೆ ಅವರು ನಡೆದದ್ದನ್ನೆಲ್ಲ ನನ್ನಿಂದ ಕೇಳಿ ತಿಳಿದು, ವ್ಯವಹಾರದ ಮನುಷ್ಯರಾದರು. ನೀನು ಈರಣ್ಣನ ಮುಂದೆ ಎಷ್ಟು ವಾದ ಮಾಡಿದರೂ ಪ್ರಯೋಜನವಿಲ್ಲ, ಸೆಟ್ಟೇ ಮಾತಾಡಬೇಕು, ಅದರಲ್ಲಿ ನೀನು ಮಾತಾಡಬೇಕು ಎಂದರು. ಅವತ್ತೇ ಸಾಯಂಕಾಲ ಐದು ಗಂಟೆಗೆ, ಮತ್ತೆ ಜೋಡಿಸಿದ ಸೆಟ್ಟು ನಮ್ಮ ಬೀದಿಗೆ ಬಂತು. ಸ್ಪೀಕರು ಈರಣ್ಣನವರ ಮನೆಯ ಕಡೆ ಮುಖ ಮಾಡಿ ನಿಂತಿತು. ಸಾಬರು ವಾಲ್ವು ಬಿಸಿಯಾಗುವ ತನಕ ಕಾದು, ಮೈಕು ನನ್ನ ಕೈಗೆ ಕೊಟ್ಟು, ತಾವು ಆಂಪ್ಲಿಫೈಯರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಬೀದಿಯವರೆಲ್ಲ ಕಟ್ಟೆಗೆ ಬಂದರು. ಮಂಡಿಯಿಂದ ಅಪ್ಪ ಬಂದರು. ಅಜ್ಜಿ ಕಿಟಕಿಯಲ್ಲಿದ್ದಳು.

ಆ ಸೆಟ್ಟಿನ ಕೆಲಸ ಏನೆಂದು ನನಗೆ ಅವತ್ತೇ ತಿಳಿದದ್ದು. ಅದು ಯಾವುದನ್ನೂ ಮುಚ್ಚುವುದಿಲ್ಲ. ನಾನು ಸುಳ್ಳು ಹೇಳಿದೆ ಎಂದಾಗ ಸುಳ್ಳಿನ ಎರಡೂ ಳಕಾರ ಎದುರು ಗೋಡೆಗೆ ಹೋಗಿ ತಾಗಿ ಬಂದವು. ಸೆಟ್ಟು ಕೆಟ್ಟಿರಲಿಲ್ಲ, ಮನೆಯ ರೇಡಿಯೋ ಒಡೆದದ್ದೂ ನಾನೇ, ಚರ್ಚಾಸ್ಪರ್ಧೆ ಇರಲಿಲ್ಲ, ಗಂಟಲು ಕಟ್ಟಿರಲಿಲ್ಲ. ನುಂಗಿದ ಉಗುಳು ಕೂಡ ಬೀದಿಯ ತುದಿಯ ಹಿಟ್ಟಿನ ಗಿರಣಿಯವರೆಗೆ ಕೇಳಿಸಿತೆಂದು ಆಮೇಲೆ ಹೇಳಿದರು. ಈರಣ್ಣನವರು ಕಣ್ಣು ಮುಚ್ಚಿ, ನನ್ನ ಮಾತಿಗೆ ಲಕ್ಷ್ಯವನ್ನೇ ಕೊಡದೆ, ಬರೀ ಸದ್ದನ್ನು ಕೇಳುತ್ತಿದ್ದರು. ಕೊನೆಗೆ ಕಣ್ಣು ತೆರೆದರು.

"ಸಾಬ್ರೇ, ಮದ್ವೆ ಹಿಂದಿನ್ ದಿನ ಸಂಜೆಗೇ ಬಂದ್ಬಿಡ್ರಿ. ಹೊಳಲ್ಕೆರೆಯೋನಿಗೆ ನಾನು ಹೇಳ್ಕಂತೀನಿ."

ಕೆಲಸ ಮುಗಿದಿತ್ತು. ಮೈಕು ಕೆಳಗಿಡಬೇಕಿತ್ತು. ಆದರೆ ಬೀದಿ ತುಂಬ ಜನ, ಕೈಯಲ್ಲಿ ಮೈಕು, ನನ್ನ ಪಕ್ಷದ ವಾದ ಇನ್ನೂ ಬಾಕಿ. ಆದರೂ ಸಭಿಕರು ಒಂದು ಅಂಶವನ್ನು ಗಮನಿಸಬೇಕು ಎಂದು ಶುರುಮಾಡಿದೆ. ಒಡಕು ಸದ್ದು ಎಂಬುದು ಸಾಪೇಕ್ಷ, ಪರದೇಶಗಳಲ್ಲಿ ಅದೇ ಒಂದು ಕಲೆ, ಅಂಕಿ ಬರೆದ ಕಂಪನಿಯವರ ಹೊಣೆಯೂ ಇದರಲ್ಲಿದೆ ಎಂದು ಕೈಯೆತ್ತಿ, ಬೆರಳು ತೋರಿಸಿ, ಬಹಳ ಚೆನ್ನಾಗಿ ಮಾತಾಡಿದೆ. ಜನ ಎದ್ದು ಹೋಗುತ್ತಿದ್ದರು. ಅಪ್ಪ ನನ್ನ ಕಡೆ ನೋಡದೆ ಒಳಗೆ ನಡೆದರು. ಯಾಕೆ ಯಾರೂ ಕೇಳುತ್ತಿಲ್ಲ ಎಂದು ಪಕ್ಕಕ್ಕೆ ತಿರುಗಿ ನೋಡಿದೆ. ಬುಡೇನ್ ಸಾಬರು ವಾಲ್ಯೂಮನ್ನು ಸೊನ್ನೆಗೆ ತಿರುಗಿಸಿ ಎಷ್ಟೋ ಹೊತ್ತಾಗಿತ್ತು. ಅವರು ನಿಧಾನವಾಗಿ ವೈರು ಸುತ್ತಿಕೊಳ್ಳುತ್ತಿದ್ದರು.