ನೋಡದೆ ಒಪ್ಪದ ನಮ್ಮತ್ತೆ

ನಮ್ಮ ಸೋದರತ್ತೆ ಯಾವುದನ್ನೂ ನೋಡದೆ ಒಪ್ಪುತ್ತಿರಲಿಲ್ಲ. ಬೆಳಗಾಯಿತು ಎಂದರೆ ಕಿಟಕಿ ತೆಗೆದು ನೋಡಿ, "ಹೌದು, ಆಗಿದೆ" ಎನ್ನುವಳು. ಸಾರಿಗೆ ಉಪ್ಪು ಬೇಕೇ ಬೇಕು ಎಂದು ಲೋಕವೆಲ್ಲ ನಂಬಿದೆಯಲ್ಲ, ಅದನ್ನೂ ಬಿಡಲಿಲ್ಲ. ನಮ್ಮಪ್ಪನಿಗೆ ಕೆಲವು ದಿನ ಉಪ್ಪಿಲ್ಲದ ಸಾರು ಬಡಿಸಿದಳು. ಅಪ್ಪ ಪತ್ರಿಕೆ ಓದುತ್ತ ಉಂಡು, ಪ್ರತಿ ಸಲವೂ "ಚೆನ್ನಾಗಿದೆ" ಎಂದು ಎದ್ದು ಕೈ ತೊಳೆದರು. "ಅಣ್ಣ ಪತ್ರಿಕೆ ಹಿಡಿದರೆ ಉಪ್ಪು ಉಳಿತಾಯ" ಎಂಬ ಸತ್ಯ ಮನೆಗೆ ಗೊತ್ತಾದದ್ದು ಹಾಗೆ!

ಇಂಥವಳ ಕೈಗೆ ಯಾರಾದರೂ ಮಕ್ಕಳನ್ನು ಕೊಡುತ್ತಾರೆಯೇ? ಕೊಟ್ಟರು. ಹೊಸ ಪೈಸೆ ಆಗಷ್ಟೇ ಚಲಾವಣೆಗೆ ಬಂದಿದ್ದ ಕಾಲ. ಶಿಕಾರಿಪುರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಶಿಶುವಿಹಾರ ಶುರುವಾಯಿತು. ಗಂಡ ತೀರಿಕೊಂಡು, ಜಡೆ ಎಂಬ ಊರಿನಿಂದ ತವರಿಗೆ ಮರಳಿದ್ದ ಅತ್ತೆಯೇ ಅದರ ಅಕ್ಕೋರು.

ಪಾಠಕ್ಕೆ ಪುಸ್ತಕ ಇರಲಿಲ್ಲ. ಅತ್ತೆ ಹಳೆ ಕ್ಯಾಲೆಂಡರುಗಳ ಬೆನ್ನ ಮೇಲೆ ಚಿತ್ರ ಬರೆದು, ದಬ್ಬಣದಿಂದ ಹೊಲಿದು, ತಾನೇ ಪುಸ್ತಕ ಮಾಡಿದಳು. ಬಣ್ಣಕ್ಕೆ ಅರಿಶಿನ, ಇದ್ದಿಲು, ಬಸಳೆ ಹಣ್ಣಿನ ರಸ. ಮೊದಲ ಪುಟದಲ್ಲಿ ಒಂದು ಸಂಗತಿ, ಎರಡನೆಯದರಲ್ಲಿ "ಮುಂದೆ ಏನಾಗಬಹುದು?", ಮೂರನೆಯದರಲ್ಲಿ ಅದನ್ನು ಪರೀಕ್ಷೆ ಮಾಡುವ ಬಗೆ. ಕೊನೆಯ ಪುಟ ಖಾಲಿ. ಆದದ್ದನ್ನು ನೋಡಿಕೊಂಡು ಬಂದು ಮಕ್ಕಳೇ ಅಲ್ಲಿ ಬರೆಯಬೇಕು. ಪದ್ಧತಿಯೇನೋ ಉತ್ತಮವಾದದ್ದೇ. ಆದರೆ ಅತ್ತೆ ಬರೆದ ಚಿತ್ರಗಳಲ್ಲಿ ಹಸು ಯಾವುದು, ಕುರಿ ಯಾವುದು ಎನ್ನುವುದೇ ಮಕ್ಕಳ ಮೊದಲ ಸಂಶೋಧನೆಯಾಗುತ್ತಿತ್ತು.

ಮೊದಲ ಪುಸ್ತಕ, ನೀರಿನಲ್ಲಿ ಏನು ತೇಲುತ್ತದೆ, ಏನು ಮುಳುಗುತ್ತದೆ ಎಂಬುದು. ಮಾರನೆಯ ದಿನವೇ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರು ಬಾಗಿಲಿಗೆ ಬಂದರು.

"ಅಕ್ಕೋರೇ, ನಮ್ಮ ಬಾಬು ನನ್ನ ಇಕ್ಕಳ ಬಾವಿಗೆ ಹಾಕಿದಾನೆ!"

"ಮುಳುಗಿತೋ, ತೇಲಿತೋ?"

"ಮುಳುಗ್ತು! ಕಬ್ಬಿಣ ಮುಳುಗದೆ ಇನ್ನೇನು ಮಾಡುತ್ತೆ ರೀ?"

"ನಿಮಗೆ ಹೆಂಗೆ ಗೊತ್ತು?"

"ಕಣ್ಣಾರೆ ಕಂಡಿದೀನಿ!"

"ಇವತ್ತು ಅವನೂ ಕಂಡ" ಎಂದಳು ಅತ್ತೆ. ಅಪ್ಪ ಎದ್ದು, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ಹುಡುಕಲು ಅಟ್ಟ ಹತ್ತಿದರು.

ಒಮ್ಮೆ ಶಾಲೆಗಳ ಇನ್‌ಸ್ಪೆಕ್ಟರು ಬಂದರು. ಪುಸ್ತಕದ ಖಾಲಿ ಪುಟ ಕಂಡು ಹುಬ್ಬುಗಂಟಿಕ್ಕಿ, ಅದೇ ಬಾಬುವನ್ನು ನಿಲ್ಲಿಸಿ, "ಸೂರ್ಯ ಎಲ್ಲಿ ಹುಟ್ಟುತ್ತಾನೆ?" ಎಂದು ಕೇಳಿದರು.

"ನಾಳೆ ಬೆಳಿಗ್ಗೆ ಬರ್ರಿ ಸಾಹೇಬ್ರೆ, ನೋಡಿ ಹೇಳ್ತೀನಿ."

"ಇದೇನ್ರೀ ಪಾಠ? ಪೂರ್ವ ಅಂತ ಕಲಿಸಿಲ್ವಾ?"

"ಯಾವ ಕಾಲದಲ್ಲಿ ಅಂತ ನೀವು ಕೇಳಲಿಲ್ವಲ್ಲ ಸಾರ್" ಎಂದಳು ಅತ್ತೆ. "ಬೇಸಿಗೇಲಿ ಅವನ ಮನೆಯಿಂದ ನೋಡಿದ್ರೆ ಮಸೀದಿ ಪಕ್ಕ, ಚಳಿಗಾಲದಲ್ಲಿ ಗಿರಣಿ ಪಕ್ಕ."

ಇನ್‌ಸ್ಪೆಕ್ಟರು ಕಾಫಿ ಕುಡಿಯದೆ ಹೊರಟುಬಿಟ್ಟರು. ನಾವು ಮಾತ್ರ ಆ ಕಾಫಿ ಕುಡಿದೆವು. ಅದಕ್ಕೆ ಸಕ್ಕರೆ ಹಾಕಿರಲಿಲ್ಲ. ಪರೀಕ್ಷೆ ಯಾರ ಮೇಲೆ ನಡೆಯುತ್ತಿತ್ತೋ!

ಆಮೇಲೆ ಬಂತು ಬೆಕ್ಕಿನ ಪುಸ್ತಕ. ಬೆಕ್ಕು ಅಡ್ಡ ಬಂದರೆ ಏನಾಗುತ್ತದೆ? ಬಿದ್ದು ಬಿಡುತ್ತಾರೆ, ಬೈಸಿಕೊಳ್ಳುತ್ತಾರೆ ಎಂದು ಮಕ್ಕಳು ಊಹಿಸಿದರು. ಆಮೇಲೆ ಜಗಲಿಯಲ್ಲಿ ಕಾದು ಕೂತು, ದಾರಿಯಲ್ಲಿ ಯಾರು ಬಂದರೂ ನಮ್ಮ ಬೆಕ್ಕನ್ನು ಅವರ ಮುಂದೆ ಬಿಡತೊಡಗಿದರು. ಅಂಚೆಯವನಿಗೆ ಏನೂ ಆಗಲಿಲ್ಲ. ಸಂತೆಗೆ ಹೊರಟಿದ್ದ ರೈತರೊಬ್ಬರು ಎತ್ತು ಕೊಂಡು ನಗುತ್ತ ಮರಳಿದರು. ಕೆಟ್ಟದ್ದಾದದ್ದು ಬೆಕ್ಕಿಗೆ ಮಾತ್ರ. ರಸ್ತೆ ದಾಟಿ ದಾಟಿ ಸುಸ್ತಾಗಿ, ಅದು ನಮ್ಮನ್ನು ಬಿಟ್ಟು ಪಕ್ಕದ ಮನೆ ಸೇರಿಕೊಂಡಿತು.

ಆ ಪಾಠ ಮುಗಿದ ದಿನ, ಎದುರು ಸಾಲಿನ ಬಟ್ಟೆ ಅಂಗಡಿಯವರ ಮೊಮ್ಮಗಳು ಗೌರಿ ಎದ್ದು ನಿಂತಳು.

"ಅಕ್ಕೋರೇ, ನಮ್ಮಜ್ಜಿ ಎಲ್ಲಿಗಾದ್ರೂ ಹೊರಟಾಗ ನಿಮ್ಮನ್ನ ಕಂಡ್ರೆ ತಿರುಗಿ ಒಳಗೆ ಹೋಗಿ ನೀರು ಕುಡೀತಾಳೆ. ನೀವು ಎದುರಿಗೆ ಬಂದ್ರೆ ಏನಾಗುತ್ತೆ?"

ಅತ್ತೆಯ ಹಣೆಯಲ್ಲಿ ಕುಂಕುಮ ಇರಲಿಲ್ಲ, ಕೈಯಲ್ಲಿ ಬಳೆ ಇರಲಿಲ್ಲ. ಯಾರಾದರೂ ಹೊರಡುವ ಹೊತ್ತಿಗೆ ತಾನಾಗಿ ಹಿಂದಿನ ಓಣಿ ಹಿಡಿದು ಹೋಗುವುದು ಅವಳ ರೂಢಿ. ನಮಗೆಲ್ಲ ಅದು ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಅತ್ತೆ ಕೈಯಲ್ಲಿದ್ದ ಬೆಕ್ಕಿನ ಪುಸ್ತಕ ಮುಚ್ಚಿದಳು. "ಗೊತ್ತಿಲ್ಲ ಕಣೆ. ಅದೊಂದನ್ನ ನಾನು ನೋಡಿಲ್ಲ."

"ಹಂಗಾದ್ರೆ ನೋಡಣ" ಎಂದಳು ಗೌರಿ.

ಮರುದಿನದಿಂದ ಅವಳು ಬೆಳಗಾಗುತ್ತಲೇ ಬಂದು, ನಮ್ಮ ಬಾಗಿಲಲ್ಲಿ ನಿಂತು, ಅತ್ತೆಯ ಮುಖ ನೋಡಿ ಮನೆಗೆ ಓಡುತ್ತಿದ್ದಳು. ಒಂದು ದಿನ ಮನೆಯಲ್ಲಿ ದೋಸೆ ಮಾಡಿದ್ದರಂತೆ. ಇನ್ನೊಂದು ದಿನ ಎಮ್ಮೆ ಕರು ಹಾಕಿತಂತೆ. ಮತ್ತೊಂದು ದಿನ ಮೊಣಕಾಲು ತರಚಿಕೊಂಡು ಬಂದಳು.

"ಅದನ್ನೂ ಬರಿ" ಎಂದಳು ಅತ್ತೆ. ದನಿ ಯಾಕೋ ಸಣ್ಣಗಿತ್ತು.

"ಅದು ನಿಮ್ಮಿಂದ ಅಲ್ಲ ಅಕ್ಕೋರೇ. ಕಲ್ಲಿನ ಮೇಲೆ ಓಡಿದ್ದಕ್ಕೆ. ನಾಳೆ ನಡ್ಕೊಂಡು ಹೋಗಿ ನೋಡ್ತೀನಿ."

ನಡೆದು ಹೋದಳು. ಬೀಳಲಿಲ್ಲ.

ಸ್ವಲ್ಪ ದಿನದ ಮೇಲೆ ಆ ಅಜ್ಜಿ ಕಿರಿಯ ಮಗಳ ಮದುವೆ ಮಾತುಕತೆಗೆಂದು, ದೊಡ್ಡ ಮಗನೊಂದಿಗೆ ಸೊರಬಕ್ಕೆ ಹೊರಟರು. ಹಿಂದೆ ಬಂದ ಸಂಬಂಧಗಳು ಮುರಿದಿದ್ದವು. ಹಣ್ಣಿನ ಬುಟ್ಟಿ ಹಿಡಿದು ಮೆಟ್ಟಿಲು ಇಳಿಯುವಾಗ ಬೀದಿಯಲ್ಲಿ ಅತ್ತೆ. ಕಂಡವಳೇ ಅತ್ತೆ ಓಣಿಗೆ ತಿರುಗಿದಳು.

"ನಿಲ್ರಿ ಅಕ್ಕೋರೇ!" ಎಂದು ಅಜ್ಜಿ ಕೂಗಿದರು. "ಅತ್ತ ಹೋಗಬ್ಯಾಡ್ರಿ. ಹಿಂಗ ಎದುರಿಗೆ ಬರ್ರಿ."

"ಬ್ಯಾಡ್ರಿ ಅಜ್ಜಿ, ಶುಭಕಾರ್ಯಕ್ಕೆ ಹೊರಟೀರಿ." ಯಾವುದನ್ನೂ ನಂಬದ ನಮ್ಮತ್ತೆ ಹೇಳಿದ ಮಾತು ಇದು!

"ಆ ಹುಡುಗಿ ದಿನಾ ನೋಡಿ ಬರ್ತೈತಿ. ನಾ ಇಷ್ಟು ವಯಸ್ಸಾದ್ರೂ ನೋಡಲೇ ಇಲ್ಲ, ಬರೇ ತಿರುಗಿ ಒಳಗ ಹೋಗೀನಿ. ಬರ್ರಿ."

ಅತ್ತೆ ಬಂದಳು. ತಲೆ ತಗ್ಗಿಸಿಕೊಂಡೇ ಅಜ್ಜಿಯ ಎದುರಿಗೆ ಹಾದುಹೋದಳು.

ಸಂಬಂಧ ಕೂಡಲಿಲ್ಲ. ಸಂಜೆ ಅಜ್ಜಿ ತಾವೇ ನಮ್ಮ ಮನೆಗೆ ಬಂದರು. ಅತ್ತೆ ಗೋಡೆಗೆ ಒರಗಿ ನಿಂತಳು. ಬೈಗುಳಕ್ಕೆ ಕಾದವಳ ಹಾಗೆ.

"ಜಾತಕ ಹೊಂದಲಿಲ್ಲಂತ. ಅದಕ್ಕ ನೀವೇನು ಮಾಡೀರಿ?" ಎಂದು ಅಜ್ಜಿ ಕೂತುಕೊಂಡರು. "ಮುಂದಿನ ವಾರ ಇನ್ನೊಂದು ಕಡೆ ಹೊಂಟೀವಿ. ಆವತ್ತೂ ಬರ್ರಿ."

ಅತ್ತೆ "ಹೂಂ" ಎಂದು ಒಳಗೆ ಹೋಗಿ, ಒಲೆಯಲ್ಲಿ ಬೆಂಕಿಯೇ ಇಲ್ಲದಾಗ ಹೊಗೆ ಹೊಗೆ ಎಂದು ಕಣ್ಣು ಒರೆಸಿಕೊಂಡಳು.

ಮುಂದಿನ ವಾರ ಅಜ್ಜಿ ಮೆಟ್ಟಿಲ ಮೇಲೆ ನಿಂತಿದ್ದರು. ಬಸ್ಸು ತಪ್ಪುತ್ತದೆ ಎಂದು ಮಗ ಗೊಣಗುತ್ತಿದ್ದ. ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ಬಾಗಿಲು ತೆಗೆದು ಬೀದಿಗೆ ಇಳಿಯುವವರೆಗೂ ಅವರು ಮೆಟ್ಟಿಲು ಇಳಿಯಲಿಲ್ಲ.